ತಂತ್ರಾಂಶದ ದಿನವಹಿ: ಏನನ್ನು ಬರೆಯಬೇಕೆಂಬುದು ಮಾಲೀಕರ ನಿರ್ಧಾರವಾಗಲಿ

ಹಿಂದಿನ ಕಾಲದಲ್ಲಿ ಕನ್ನಡ ನಾಡಿನ ವರ್ತಕರು ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಆ ಕಪ್ಪು ಪುಸ್ತಕದ ಮೇಲೆ ಬಳಪದಿಂದ ಬರೆಯಬಹುದಾಗಿತ್ತು. ಬೇಡವಾದಾಗ ಅಳಿಸಿ ಮತ್ತೆ ಬರೆಯಲೂ ಬಹುದಾಗಿತ್ತು. ಕಾಗದದ ಕಿರ್ದಿ ಪುಸ್ತಕ ಬಂದ ಮೇಲೆ ತಿದ್ದಿದ ಜಾಗದಲ್ಲಿ ಗುರುತು ಉಳಿಯತೊಡಗಿತು. ಗಣಕಯಂತ್ರ ಬಂದಾಗ ವ್ಯಾಪಾರಸ್ಥರು ಅರಿವಿಲ್ಲದೆಯೇ ಮತ್ತೆ ಕಡತದ ಕಾಲಕ್ಕೆ ಮರಳಿದರು. ಪರದೆಯ ಮೇಲಿನ ಅಂಕಿಯನ್ನು ಅಳಿಸಿ ಬೇರೊಂದನ್ನು ಬರೆದರೆ, ಹಳೆಯ ಅಂಕಿ ಏನಿತ್ತು, ಬದಲಾಯಿಸಿದವರು ಯಾರು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಯಾವುದೂ ಇರುವುದಿಲ್ಲ.

ಈ ಕೊರತೆಯನ್ನು ತುಂಬುವ ವ್ಯವಸ್ಥೆ ತಂತ್ರಾಂಶದೊಳಗೇ ಇದೆ. ತಾನು ಮಾಡಿದ ಕೆಲಸ, ಎದುರಿಸಿದ ತೊಡಕು, ತನ್ನನ್ನು ಬಳಸಿದವರ ಹೆಸರು, ವೇಳೆ ಇವುಗಳನ್ನು ತಂತ್ರಾಂಶವು ಸಾಲುಸಾಲಾಗಿ ಬರೆದಿಡುತ್ತ ಹೋಗುತ್ತದೆ. ಇದಕ್ಕೆ ತಂತ್ರಜ್ಞರ ಭಾಷೆಯಲ್ಲಿ ಲಾಗ್ ಎಂದು ಹೆಸರು. ವ್ಯಾಪಾರದ ಭಾಷೆಯಲ್ಲಿ ದಿನವಹಿ ಎನ್ನಬಹುದು. ಆದರೆ ಈ ದಿನವಹಿಯಲ್ಲಿ ಎಷ್ಟು ಬರೆಯಬೇಕು, ಏನನ್ನು ಬಿಡಬೇಕು ಎಂಬುದನ್ನು ಯಾರಾದರೂ ಮೊದಲೇ ಹೊಂದಿಸಿಡಬೇಕಾಗುತ್ತದೆ. ಬಹುತೇಕ ಅಂಗಡಿ, ಕಾರ್ಖಾನೆಗಳಲ್ಲಿ ಈ ನಿರ್ಧಾರವನ್ನು ತಂತ್ರಾಂಶ ಅಳವಡಿಸಲು ಬಂದ ಸರ್ವಿಸ್ ಎಂಜಿನಿಯರ್ ಕೈಗೊಳ್ಳುತ್ತಾರೆ. ಅಂಥದೊಂದು ನಿರ್ಧಾರ ಆಗಿದೆಯೆಂಬ ಸಂಗತಿಯೇ ಮಾಲೀಕರಿಗೆ ತಿಳಿದಿರುವುದಿಲ್ಲ. ಈ ಪರಿಸ್ಥಿತಿ ಬದಲಾಗಬೇಕಾಗಿದೆ.

ಹಂತಗಳ ಏಣಿ

ಲಾಗ್‌ನ ಪ್ರತಿಯೊಂದು ಸಾಲಿಗೂ ಅದರ ಗಂಭೀರತೆಗೆ ತಕ್ಕ ಹಂತವೊಂದಿರುತ್ತದೆ. 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಎಂಬ ಅಮೆರಿಕದ ತಂತ್ರಜ್ಞ ಸೆಂಡ್‌ಮೇಲ್ ತಂತ್ರಾಂಶದ ಜೊತೆಗೆ ರೂಪಿಸಿದ ಸಿಸ್‌ಲಾಗ್ ಪದ್ಧತಿಯಲ್ಲಿ ಇಂಥ ಎಂಟು ಹಂತಗಳಿವೆ. ಸೊನ್ನೆಯ ಹಂತ ಎಮರ್ಜೆನ್ಸಿ, ಅಂದರೆ ವ್ಯವಸ್ಥೆಯೇ ನಿಂತುಹೋಗಿರುವ ಸ್ಥಿತಿ. ಏಳನೆಯದು ಡೀಬಗ್, ಅಂದರೆ ದೋಷ ಹುಡುಕುವ ತಂತ್ರಜ್ಞನಿಗಷ್ಟೇ ಬೇಕಾದ ಸೂಕ್ಷ್ಮ ವಿವರ. ಇಂದಿನ ವ್ಯಾಪಾರಿ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವವು ನಾಲ್ಕು: ಡೀಬಗ್, ಇನ್ಫೋ, ವಾರ್ನಿಂಗ್ ಮತ್ತು ಎರರ್. ಬಿಲ್ಲೊಂದು ಸಿದ್ಧವಾಯಿತು ಎಂಬುದು ಇನ್ಫೋ. ಡಿಸ್ಕಿನಲ್ಲಿ ಜಾಗ ಕಡಿಮೆಯಾಗುತ್ತಿದೆ ಎಂಬುದು ವಾರ್ನಿಂಗ್. ಬಿಲ್ಲು ಉಳಿಯಲಿಲ್ಲ ಎಂಬುದು ಎರರ್.

ಹಂತವನ್ನು ಹೊಂದಿಸುವುದೆಂದರೆ ಹೊಸ್ತಿಲೊಂದನ್ನು ಕಟ್ಟಿದಂತೆ. ಹೊಸ್ತಿಲನ್ನು ವಾರ್ನಿಂಗ್‌ಗೆ ಇಟ್ಟರೆ ವಾರ್ನಿಂಗ್ ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ ದಾಖಲಾಗುತ್ತವೆ. ಕೆಳಗಿನವು ಗಾಳಿಗೆ ಹೋಗುತ್ತವೆ. ಬಹಳಷ್ಟು ತಂತ್ರಾಂಶಗಳಲ್ಲಿ ಇದು ಸೆಟ್ಟಿಂಗ್ ಫೈಲಿನ ಒಂದೇ ಒಂದು ಪದ. ಆ ಪದವನ್ನು ಬದಲಾಯಿಸಲು ಅರ್ಧ ನಿಮಿಷ ಸಾಕು. ಪರಿಣಾಮ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಹೆಚ್ಚಾದರೂ ಕಷ್ಟ

ಎಲ್ಲವನ್ನೂ ಬರೆದಿಟ್ಟರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಸರಳ ಲೆಕ್ಕವೊಂದು ಇದಕ್ಕೆ ಉತ್ತರ ನೀಡುತ್ತದೆ. ದಿನಕ್ಕೆ 500 ಬಿಲ್ಲು ಮಾಡುವ ಮಳಿಗೆಯೊಂದನ್ನು ಊಹಿಸಬಹುದು. ಇನ್ಫೋ ಹಂತದಲ್ಲಿ ಪ್ರತಿ ಬಿಲ್ಲಿಗೆ 200 ಬೈಟ್‌ಗಳ 10 ಸಾಲು ಬರೆದರೆ ದಿನಕ್ಕೆ 1 ಮೆಗಾಬೈಟ್. ವರ್ಷದ 300 ಕೆಲಸದ ದಿನಗಳಿಗೆ 300 ಮೆಗಾಬೈಟ್. ಡೀಬಗ್ ಹಂತದಲ್ಲಿ ಅದೇ ಬಿಲ್ಲಿಗೆ 2,000 ಸಾಲು ಬರೆಯಲಾಯಿತೆಂದರೆ ದಿನಕ್ಕೆ 200 ಮೆಗಾಬೈಟ್, ವರ್ಷಕ್ಕೆ 60 ಗಿಗಾಬೈಟ್. ಸಣ್ಣ ಉದ್ದಿಮೆಗಳ ಅನೇಕ ತಂತ್ರಾಂಶಗಳು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯನ್ನು ಅವಲಂಬಿಸಿವೆ. 2008 ಆರ್2ರಿಂದ 2022ರವರೆಗಿನ ಆವೃತ್ತಿಗಳಲ್ಲಿ ಅದರ ಒಂದು ಡೇಟಾಬೇಸಿನ ಮಿತಿ 10 ಗಿಗಾಬೈಟ್. ಲಾಗನ್ನೂ ಅದೇ ಡೇಟಾಬೇಸಿನಲ್ಲಿ ಬರೆಯುವ ತಂತ್ರಾಂಶವಾದರೆ ಐವತ್ತು ದಿನಗಳೊಳಗೆ ಮಿತಿ ಮುಟ್ಟಿ, ಕೌಂಟರಿನಲ್ಲಿ ಗ್ರಾಹಕರು ನಿಂತಿರುವಾಗಲೇ ಬಿಲ್ಲಿಂಗ್ ಸ್ತಬ್ಧವಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಗೋಪ್ಯ ಮಾಹಿತಿಯದು. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯು, ಬಳಕೆದಾರರ ಪಾಸ್‌ವರ್ಡ್‌ಗಳು ದೋಷವೊಂದರಿಂದಾಗಿ ತನ್ನ ಆಂತರಿಕ ಲಾಗ್‌ನಲ್ಲಿ ಓದಬಹುದಾದ ರೂಪದಲ್ಲಿಯೇ ದಾಖಲಾಗಿದ್ದವೆಂದು ಒಪ್ಪಿಕೊಂಡು, ಪಾಸ್‌ವರ್ಡ್ ಬದಲಿಸಿಕೊಳ್ಳುವ ಬಗ್ಗೆ ಯೋಚಿಸುವಂತೆ ತನ್ನ 33 ಕೋಟಿಗೂ ಹೆಚ್ಚು ಬಳಕೆದಾರರಿಗೆ ಸೂಚಿಸಬೇಕಾಯಿತು. ಫೇಸ್‌ಬುಕ್‌ನಲ್ಲಿಯೂ ಪಾಸ್‌ವರ್ಡ್‌ಗಳು ಇದೇ ರೀತಿ ಬಯಲಾಗಿ ಉಳಿದಿದ್ದ ಸಂಗತಿ 2019ರ ಮಾರ್ಚ್‌ನಲ್ಲಿ ಹೊರಬಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗವು ಅದರ ಮಾತೃಸಂಸ್ಥೆಗೆ 9.1 ಕೋಟಿ ಯೂರೋ ದಂಡ ವಿಧಿಸಿತು. ಅಂಥ ಸಂಸ್ಥೆಗಳಲ್ಲಿಯೇ ಹೀಗಾದರೆ, ಡೀಬಗ್ ಹಂತದಲ್ಲಿ ಮರೆತು ಬಿಟ್ಟ ಸಣ್ಣ ಅಂಗಡಿಯ ತಂತ್ರಾಂಶದಲ್ಲಿ ಗ್ರಾಹಕರ ದೂರವಾಣಿ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳು ಬಿದ್ದಿರಲಾರವೆಂದು ಹೇಳಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಮಂಜಸ ರಕ್ಷಣಾ ಕ್ರಮಗಳನ್ನು ಕೈಗೊಳ್ಳದವರಿಗೆ ರೂ. 250 ಕೋಟಿಯವರೆಗೆ ದಂಡ ಹಾಕಲು ಅವಕಾಶ ನೀಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತಿವೆ.

ಕಡಿಮೆಯಾದರೆ ನಷ್ಟ

ಆದರೆ ಸಣ್ಣ ಉದ್ದಿಮೆಗಳಲ್ಲಿ ಹೆಚ್ಚು ಹಾನಿ ತರಬಲ್ಲದ್ದು ಇದರ ವಿರುದ್ಧದ ತಪ್ಪು. ಹಬ್ಬದ ವ್ಯಾಪಾರದ ದಿನಗಳಲ್ಲಿ ಗಣಕಯಂತ್ರ ನಿಧಾನವಾಯಿತೆಂದು ಮಾಲೀಕರು ದೂರುತ್ತಾರೆ. ಬಂದ ಎಂಜಿನಿಯರ್ ಹೊಸ್ತಿಲನ್ನು ಎರರ್‌ಗೆ ಏರಿಸಿ ಹೋಗುತ್ತಾರೆ. ಯಂತ್ರ ಚುರುಕಾಗುತ್ತದೆ, ಎಲ್ಲರಿಗೂ ಸಮಾಧಾನ. ಆರು ತಿಂಗಳ ನಂತರ ದಾಸ್ತಾನಿಗೂ ನಗದಿಗೂ ತಾಳೆಯಾಗುವುದಿಲ್ಲ. ಹಣ ಪಡೆದ ಮೇಲೆ ಯಾರೋ ಬಿಲ್ಲುಗಳನ್ನು ರದ್ದುಪಡಿಸಿದ್ದಾರೆಂಬ ಸಂಶಯ ಮೂಡುತ್ತದೆ. ಲಾಗ್ ತೆರೆದು ನೋಡಿದರೆ ಅಲ್ಲಿ ಏನೂ ಇಲ್ಲ.

ಏಕೆಂದರೆ ಬಿಲ್ಲು ರದ್ದಾಗುವುದು ತಂತ್ರಾಂಶದ ದೃಷ್ಟಿಯಲ್ಲಿ ದೋಷವೇ ಅಲ್ಲ. ರದ್ದು ಮಾಡು ಎಂದು ಹೇಳಲಾಯಿತು, ಅದು ರದ್ದು ಮಾಡಿತು. ಎಲ್ಲವೂ ಸರಿಯಾಗಿಯೇ ನಡೆಯಿತು. ಆದ್ದರಿಂದ ತಂತ್ರಜ್ಞರು ಅದನ್ನು ಇನ್ಫೋ ಹಂತದಲ್ಲಿ, ಬರಿಯ ಮಾಹಿತಿಯಾಗಿ ಇಟ್ಟಿರುತ್ತಾರೆ. ಮಾಲೀಕರ ಪಾಲಿಗಾದರೋ ದಿನದ ಸಾವಿರ ಸಾಲುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಯಂತ್ರಕ್ಕೆ ಗಂಭೀರವಾದದ್ದು ಬೇರೆ, ವ್ಯಾಪಾರಕ್ಕೆ ಗಂಭೀರವಾದದ್ದು ಬೇರೆ. ಈ ವ್ಯತ್ಯಾಸ ವ್ಯಾಪಾರ ಮಾಡುವವರಿಗಲ್ಲದೆ ಬೇರೆಯವರಿಗೆ ತಿಳಿಯುವಂತಿಲ್ಲ. ಹಂತವನ್ನು ನಿರ್ಧರಿಸುವ ಹೊಣೆ ಮಾಲೀಕರದೆಂಬ ವಾದದ ತಿರುಳು ಇಷ್ಟೇ.

ದಾಖಲೆ ಇಲ್ಲದಾಗ ಆಗುವ ಅನ್ಯಾಯ ಮಾಲೀಕರೊಬ್ಬರಿಗೇ ಅಲ್ಲ. ಪುರಾವೆಯಿಲ್ಲದ ಕಡೆ ಸಂಶಯ ಎಲ್ಲರ ಮೇಲೂ ಬೀಳುತ್ತದೆ. ಹತ್ತು ವರ್ಷ ನಂಬಿಕೆಯಿಂದ ದುಡಿದ ಗುಮಾಸ್ತ ಮಾಡದ ತಪ್ಪಿಗೆ ತಲೆತಗ್ಗಿಸಿ ಹೊರನಡೆಯಬೇಕಾಗುತ್ತದೆ. ಸರಿಯಾದ ದಿನವಹಿ ಪ್ರಾಮಾಣಿಕ ನೌಕರನಿಗೂ ರಕ್ಷಣೆ. ಹಾಗೆಯೇ ನಾಲ್ವರು ನೌಕರರು ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಬಳಸುವ ಅಂಗಡಿಯಲ್ಲಿ ಎಂಥ ಲಾಗ್ ಇದ್ದರೂ ನಿಷ್ಪ್ರಯೋಜಕ.

ಕಾನೂನು ಹೇಳುವುದೇನು

ಕಂಪನಿಯಾಗಿ ನೋಂದಾಯಿತವಾದ ಉದ್ದಿಮೆಗಳಿಗೆ ಇದು ಕೇವಲ ವಿವೇಕದ ಮಾತಾಗಿ ಉಳಿದಿಲ್ಲ. 2021ರ ಮಾರ್ಚ್ 24ರಂದು ತಿದ್ದುಪಡಿಯಾದ ಕಂಪನಿಗಳ ಲೆಕ್ಕಪತ್ರ ನಿಯಮಗಳು, ಎರಡು ಬಾರಿ ಮುಂದೂಡಲ್ಪಟ್ಟು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅದರಂತೆ ಲೆಕ್ಕಪತ್ರದ ತಂತ್ರಾಂಶವು ಪ್ರತಿಯೊಂದು ವ್ಯವಹಾರದ, ಪ್ರತಿಯೊಂದು ಬದಲಾವಣೆಯ ಜಾಡನ್ನು ದಿನಾಂಕ ಸಹಿತ ದಾಖಲಿಸಬೇಕು; ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲು ಬರುವಂತಿರಬಾರದು. ಅದು ವರ್ಷವಿಡೀ ಎಲ್ಲ ವ್ಯವಹಾರಗಳಿಗೂ ಕೆಲಸ ಮಾಡಿತೇ, ಅದರಲ್ಲಿ ಕೈಯಾಡಿಸಲಾಗಿದೆಯೇ ಎಂಬುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ತಿಳಿಸಬೇಕು. ಹಬ್ಬದ ವಾರದಲ್ಲಿ ವೇಗಕ್ಕೆಂದು ಅದನ್ನು ನಿಲ್ಲಿಸಿದ್ದರೆ ಆ ಸಂಗತಿ ವರದಿಗೆ ಬರುತ್ತದೆ. ಸಾಲ ಕೇಳಿದ ಬ್ಯಾಂಕು ಆ ವರದಿಯನ್ನು ಓದುತ್ತದೆ.

ಪಾಲುದಾರಿಕೆ ಸಂಸ್ಥೆಗಳಿಗೂ ಒಡೆತನದ ಅಂಗಡಿಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ. ಬೆಂಗಳೂರಿನ ಟ್ಯಾಲಿ ಸಂಸ್ಥೆ ಬದಲಾವಣೆಯ ದಾಖಲೆಯನ್ನು ನಿಲ್ಲಿಸಲಾಗದ ಆವೃತ್ತಿಯನ್ನೂ, ಬೇಕಾದವರು ಮಾತ್ರ ಬಳಸಿಕೊಳ್ಳಬಹುದಾದ ಆವೃತ್ತಿಯನ್ನೂ ಬೇರೆ ಬೇರೆಯಾಗಿಯೇ ಒದಗಿಸಿರುವುದು ಇದಕ್ಕೆ ಹೊಂದುವಂತಿದೆ. ವರ್ಷಾಂತ್ಯದಲ್ಲಿ ಲೆಕ್ಕ ಸರಿದೂಗಿಸುವ ಅನುಕೂಲ ಉಳಿಯಲೆಂದು ಕೆಲವರು ಎರಡನೆಯದನ್ನೇ ಬಯಸುವುದುಂಟು. ಮಾಲೀಕರಿಗಿರುವ ಆ ಅನುಕೂಲ ಅದೇ ಗಣಕಯಂತ್ರದ ಮುಂದೆ ಕೂರುವ ಎಲ್ಲರಿಗೂ ಇರುತ್ತದೆಂಬುದನ್ನು ಅವರು ಮರೆಯಬಾರದು.

ಲೆಕ್ಕಪತ್ರದ ಹೊರಗೂ ಹೊಣೆಯಿದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನಗಳು ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿಡಬೇಕೆಂದೂ, ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ವಿಧಿಸಿವೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಇದರಲ್ಲಿ ದೊರೆತ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೇ ಮುಗಿದಿದೆ.

ಓದುವವರಿಲ್ಲದ ಎಚ್ಚರಿಕೆ

ಬರೆದಿಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ಮಾಹಿತಿ ಕಳುವಾಯಿತು. ಕಳ್ಳರು ಒಳನುಗ್ಗಿದ್ದು ಆ ಸಂಸ್ಥೆಗೆ ಶೈತ್ಯೀಕರಣದ ಕೆಲಸ ಮಾಡಿಕೊಡುತ್ತಿದ್ದ ಸಣ್ಣ ಗುತ್ತಿಗೆದಾರರೊಬ್ಬರ ಪ್ರವೇಶಾಧಿಕಾರವನ್ನು ಕದ್ದು. ನವೆಂಬರ್ 30ರಂದೇ ರಕ್ಷಣಾ ತಂತ್ರಾಂಶ ಎಚ್ಚರಿಕೆ ನೀಡಿತ್ತು. ಬೆಂಗಳೂರಿನಲ್ಲಿದ್ದ ನಿಗಾ ತಂಡ ಅದನ್ನು ಗಮನಿಸಿ ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿತ್ತು. ಅಲ್ಲಿ ಯಾರೂ ಕ್ರಮ ಕೈಗೊಳ್ಳಲಿಲ್ಲವೆಂದು 2014ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ ವರದಿ ಮಾಡಿತು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಪೀಣ್ಯದ, ಹುಬ್ಬಳ್ಳಿಯ, ಬೆಳಗಾವಿಯ ಸಣ್ಣ ಕಾರ್ಖಾನೆಗಳು ಈ ಪ್ರಕರಣದಿಂದ ಕಲಿಯಬೇಕಾದ ಪಾಠ ಎರಡು. ಸಣ್ಣವರೆಂಬ ಕಾರಣಕ್ಕೆ ಯಾರೂ ಕಳ್ಳರ ಕಣ್ಣಿಗೆ ಬೀಳದೆ ಇರುವುದಿಲ್ಲ. ಮತ್ತು ಎಚ್ಚರಿಕೆಗೆ ಕಿವಿಗೊಡುವವರಿಲ್ಲದಿದ್ದರೆ ಎಚ್ಚರಿಕೆ ಇದ್ದೂ ಇಲ್ಲದಂತೆ.

ಮಾಡಬೇಕಾದ್ದು

ಸಣ್ಣ ಸಂಸ್ಥೆಯಲ್ಲಿ ಇದಕ್ಕೆಲ್ಲ ಪ್ರತ್ಯೇಕ ತಂತ್ರಜ್ಞರನ್ನು ಇಟ್ಟುಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆ ಸಹಜ. ಅದರ ಅಗತ್ಯವಿಲ್ಲ. ಬೇಕಾದದ್ದು ಕೆಲವೇ ಸ್ಪಷ್ಟ ತೀರ್ಮಾನಗಳು. ಹಣ, ಸರಕು, ದರ ಮತ್ತು ಬಳಕೆದಾರರ ಅಧಿಕಾರಕ್ಕೆ ಸಂಬಂಧಿಸಿದ ಬದಲಾವಣೆಗಳು ತಾಂತ್ರಿಕ ಲಾಗ್‌ನಿಂದ ಪ್ರತ್ಯೇಕವಾಗಿ, ಯಾವ ಹಂತಕ್ಕೂ ಒಳಪಡದೆ, ಸದಾ ದಾಖಲಾಗಬೇಕು. ತಾಂತ್ರಿಕ ಲಾಗ್ ನಿತ್ಯದ ಬಳಕೆಯಲ್ಲಿ ಇನ್ಫೋ ಹಂತದಲ್ಲಿರಲಿ. ದೋಷ ಹುಡುಕಲು ಡೀಬಗ್ ಬೇಕಾದರೆ ಮಾಲೀಕರ ಒಪ್ಪಿಗೆ ಪಡೆದು, ಮರಳಿಸುವ ದಿನಾಂಕವನ್ನು ಮೊದಲೇ ಬರೆದಿಟ್ಟು ಮಾಡಲಿ. ಪಾಸ್‌ವರ್ಡ್, ಕಾರ್ಡ್ ಸಂಖ್ಯೆ, ಆಧಾರ್ ಸಂಖ್ಯೆ ಯಾವ ಹಂತದಲ್ಲಿಯೂ ದಾಖಲಾಗಬಾರದು. ಎಲ್ಲ ಯಂತ್ರಗಳ ಗಡಿಯಾರ ಒಂದೇ ವೇಳೆ ತೋರಿಸಬೇಕು. ಇಲ್ಲವಾದರೆ ಯಾವುದು ಮೊದಲು ನಡೆಯಿತೆಂದು ಹೇಳಲಾಗದು. ಲಾಗ್‌ನ ಪ್ರತಿಯೊಂದು ಬೇರೆ ಯಂತ್ರದಲ್ಲಿರಬೇಕು. ದಿನಕ್ಕೊಮ್ಮೆ, ಹತ್ತು ನಿಮಿಷವಾದರೂ ಸರಿ, ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಎರರ್‌ಗಳನ್ನೂ ರದ್ದಾದ ಬಿಲ್ಲುಗಳ ಪಟ್ಟಿಯನ್ನೂ ನೋಡಬೇಕು.

ಇವೆಲ್ಲ ವಾರ್ಷಿಕ ನಿರ್ವಹಣಾ ಒಪ್ಪಂದದ ಷರತ್ತುಗಳಾಗಿ ಬರಹದಲ್ಲಿರಬೇಕು. ಒಬ್ಬ ಗ್ರಾಹಕ ಕೇಳಿದರೆ ತಂತ್ರಾಂಶ ಮಾರಾಟಗಾರರು ಕಿವಿಗೊಡದಿರಬಹುದು. ವಾಣಿಜ್ಯೋದ್ಯಮ ಸಂಸ್ಥೆಗಳು ಮಾದರಿ ಷರತ್ತುಗಳನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ತಳ್ಳಿಹಾಕಲಾರರು. ಈ ಕೆಲಸ ತಡವಿಲ್ಲದೆ ಆಗಬೇಕು.

ಹಿಂದಿನ ಸಾಹುಕಾರರು ಎಷ್ಟೇ ದಣಿದಿದ್ದರೂ ಅಂದಿನ ಕಿರ್ದಿಯ ಮೇಲೆ ಕಣ್ಣಾಡಿಸದೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ಬರೆಯುವ ಕೆಲಸವನ್ನು ಇಂದು ಯಂತ್ರಕ್ಕೆ ವಹಿಸಲಾಗಿದೆ. ಏನನ್ನು ಬರೆಯಬೇಕೆಂದು ಹೇಳುವ ಮತ್ತು ಬರೆದದ್ದನ್ನು ಓದುವ ಕೆಲಸ ಮಾತ್ರ ಇಂದಿಗೂ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರದೇ ಆಗಿದೆ.