ತಳದ ಗೂಡನ್ನೂ ತೋರಿಸಿ ಮಾರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಆನ್‌ಲೈನ್ ವ್ಯಾಪಾರಿ ಮಿತ್ರರೇ,

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಚನ್ನಪಟ್ಟಣದ ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು. ವ್ಯಾಪಾರ ವಾಟ್ಸಾಪ್‌ಗೆ, ಇನ್‌ಸ್ಟಾಗ್ರಾಂಗೆ ಹತ್ತಿತು. ಒಳ್ಳೆಯದೇ. ಅಲ್ಲಿ ನೀವು ಬರೆಯುವ ಮಾತಿನ ಬಗ್ಗೆ ನನ್ನದೊಂದು ಮನವಿ.

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್‌ಗಳು ರಾಶಿಯೊಳಗೆ ಕೈ ಹಾಕಿ, ತಳದ ಗೂಡನ್ನೂ ಎತ್ತಿ ನೋಡಿಯೇ ಬೆಲೆ ಕಟ್ಟುತ್ತಾರೆ. ಮೊಬೈಲಿನಲ್ಲಿ ಕೊಳ್ಳುವವರಿಗೆ ಆ ಅನುಕೂಲವಿಲ್ಲ. ತಳದಲ್ಲೇನಿದೆ ಎಂದು ನೀವೇ ಹೇಳಬೇಕು.

ಗೊಂಬೆಯನ್ನೇ ತೆಗೆದುಕೊಳ್ಳಿ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ತಾಳೆಗರಿ ಹಿಡಿದರೆ ಹೊಳಪು ಏಳುತ್ತದೆ. ಕೈಕೆಲಸವೆಂದ ಮೇಲೆ ಬಣ್ಣ ಒಂದರಲ್ಲಿ ದಟ್ಟ, ಇನ್ನೊಂದರಲ್ಲಿ ತುಸು ತೆಳು. ಫಿಲ್ಟರ್ ಹಾಕಿ ಅದನ್ನು ಮುಚ್ಚಬೇಡಿ, ಹಾಗೇ ಬರೆಯಿರಿ. ರಬ್ಬರ್ ಮರದ್ದಾದರೆ ರಬ್ಬರ್ ಮರ ಎನ್ನಿ. ಅಳತೆ ತಿಳಿಯುವಂತೆ ಅಂಗೈ ಮೇಲಿಟ್ಟು ಫೋಟೊ ತೆಗೆಯಿರಿ. ಚನ್ನಪಟ್ಟಣದ ಗೊಂಬೆಗಳಿಗೆ 2005–06ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತು 2021ರ ಜನವರಿಯಿಂದ ಕಡ್ಡಾಯವಾದರೂ ಜಿಐ ಅಧಿಕೃತ ಬಳಕೆದಾರರಿಗೆ ವಿನಾಯಿತಿಯಿದೆ. ಆ ವಿನಾಯಿತಿಯನ್ನು ‘ಸರ್ಕಾರವೇ ಪರೀಕ್ಷಿಸಿದ್ದು’ ಎಂದು ತಿರುಚುವುದು ಮಾತ್ರ ಬೇಡ.

ಬೇರೆ ಮಾಲಿಗೂ ಇದೇ ಮಾತು: ಮಾಗಡಿಯ ಬಾದಾಮಿ ಮಾವಿಗೆ ರತ್ನಗಿರಿಯ ಹೆಸರೇಕೆ? ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಸೀರೆಗೆ ‘ಶುದ್ಧ ರೇಷ್ಮೆ’ ಎಂಬ ಪಟ್ಟವೇಕೆ, ಅದೂ ಗೂಡು ಬೆಳೆಯುವ ಸೀಮೆಯಲ್ಲಿ ಕೂತು? ‘ಇನ್ನೆರಡೇ ಪೀಸ್, ಬೇಗ!’ ಎಂಬ ಸುಳ್ಳು ಅವಸರಕ್ಕೆ 2023ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿಯಲ್ಲಿ ನಿಷೇಧವಿದೆ. ಗಿರಾಕಿಯ ಸೋಗಿನಲ್ಲಿ ತನ್ನ ಮಾಲನ್ನು ತಾನೇ ಹೊಗಳಿಕೊಳ್ಳುವುದಕ್ಕೆ 2020ರ ಇ–ಕಾಮರ್ಸ್ ನಿಯಮಗಳೂ ಅಡ್ಡ ಬರುತ್ತವೆ.

ಇದ್ದದ್ದು ಇದ್ದಂತೆ ಬರೆದರೆ ಮಾಲು ಹೋಗುತ್ತದೆಯೇ? ಹೋಗುತ್ತದೆ, ನಿಧಾನವಾಗಿ. ಮೊದಮೊದಲು ಪಕ್ಕದವರ ಆರ್ಡರ್ ನೋಡಿ ಹೊಟ್ಟೆ ಉರಿದರೂ ಉರಿದೀತು. ಆದರೆ ಲೆಕ್ಕ ಹಾಕಿ: ಮುನ್ನೂರು ರೂಪಾಯಿಯ ಗೊಂಬೆ ‘ಫೋಟೊದಲ್ಲಿದ್ದಂತಿಲ್ಲ’ ಎಂದು ವಾಪಸು ಬಂದರೆ, ಹೋಗುವ ಕೊರಿಯರ್ ಬರುವ ಕೊರಿಯರ್ ಎರಡೂ ನಿಮ್ಮ ತಲೆಗೇ. ಲಾಭವಿರಲಿ, ಅಸಲೂ ಗಿಟ್ಟುವುದು ಕಷ್ಟ. ಜಾಹೀರಾತಿಗೆ ದುಡ್ಡು ಸುರಿದು ದಿನಾ ಹೊಸಬರನ್ನು ಹಿಡಿಯುವುದು ದೊಡ್ಡ ಕಂಪನಿಗಳಿಗೆ ಸಾಧ್ಯ. ನಮ್ಮೂರಿನ ಸಣ್ಣ ಅಂಗಡಿ ನಡೆಯುವುದು ಎರಡನೇ ಸಲ ಬರುವ ಗಿರಾಕಿಯಿಂದ.

ಕೊಳ್ಳುವವರಲ್ಲೂ ಒಂದು ಕೋರಿಕೆ: ಕೊರತೆಯನ್ನೂ ಬರೆದಿಟ್ಟ ಅಂಗಡಿ ಕಂಡರೆ ಮೊದಲ ಆರ್ಡರ್ ಅಲ್ಲಿಗೇ ಕೊಡಿ, ಮಾಲು ಚೆನ್ನಾಗಿದ್ದರೆ ಎರಡು ಸಾಲು ಬರೆದು ತಿಳಿಸಿ.

ವ್ಯಾಪಾರಿಗಳೇ, ಈ ವಾರವೇ ನಿಮ್ಮ ಪುಟ ತೆರೆದು ಓದಿ. ರುಜುವಾತು ಕೊಡಲಾಗದ ಮಾತನ್ನೆಲ್ಲ ಅಳಿಸಿ. ಮಾಲು ಯಾವುದರದ್ದು, ಅಳತೆಯೆಷ್ಟು, ಯಾವ ಊರಲ್ಲಿ ಆದದ್ದು, ವಾಪಸಾದರೆ ಖರ್ಚು ಯಾರದು, ಇಷ್ಟನ್ನು ತಪ್ಪದೆ ಬರೆಯಿರಿ.