ಹಳೆ ರಿವಾಲ್ವರ್ ಚೌಕಾಸಿ: ಗೆಲ್ಲುವವನು ಕಾಯಬಲ್ಲವನು

ಹೂವಿನಹಡಗಲಿ: ಮೈಲಾರ ಸೀಮೆಯ ದನದ ಜಾತ್ರೆಗಳಲ್ಲಿ ಎತ್ತಿನ ವ್ಯಾಪಾರ ಕುದುರುವ ಬಗೆಯೇ ಬೇರೆ. ಕೊಳ್ಳುವವನೊಬ್ಬ, ಮಾರುವವನೊಬ್ಬ, ನಡುವೆ ದಲ್ಲಾಳಿ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಾರೆ, ಬೆರಳು ಬಿಟ್ಟು ದರ ಇಳಿಸುತ್ತಾರೆ. ಸುತ್ತ ನಿಂತವರಿಗೆ ಅಂಕಿ ತಿಳಿಯುವುದಿಲ್ಲ. ಎತ್ತು ಕೈಬದಲಾದ ಮೇಲೆ ಯಾರೂ ಯಾವ ಕಚೇರಿಗೂ ಓಡಬೇಕಿಲ್ಲ. ಆದರೆ ಅದೇ ಟವೆಲ್ಲಿನ ಮರೆಯಲ್ಲಿ ಹಳೆಯ ರಿವಾಲ್ವರೊಂದು ಕೈಬದಲಾದರೆ ಕೊಟ್ಟವನೂ ಕೊಂಡವನೂ ಜೈಲಿನ ಹಾದಿ ಹಿಡಿದಂತೆಯೇ.

ಬಳಸಿದ ರಿವಾಲ್ವರಿಗೆ ಈ ದೇಶದಲ್ಲಿ ಮಾರುಕಟ್ಟೆ ಇದೆ. ಅದು ಕಾನೂನುಬದ್ಧವೂ ಹೌದು. ಆದರೆ ಅಲ್ಲಿನ ಚೌಕಾಸಿ ಎತ್ತಿನ ಚೌಕಾಸಿಯಂತಲ್ಲ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಬಹುದು, ಸುಳಿ ನೋಡಿ ದರ ಕಟ್ಟಬಹುದು. ರಿವಾಲ್ವರಿನ ದರ ನಿರ್ಧಾರವಾಗುವುದು ಲೋಹದಿಂದ ಸ್ವಲ್ಪ, ಕಾಗದದಿಂದ ಬಹುಪಾಲು. ಯಾರ ಕಾಗದದ ಗಡುವು ಮೊದಲು ಮುಗಿಯುತ್ತದೆಯೋ ಅವರೇ ದರ ಇಳಿಸಬೇಕಾಗುತ್ತದೆ. ಹಾಗೆ ಇಳಿಸುವವರು ಬಹುತೇಕ ಬಂದೂಕನ್ನು ಎಂದೂ ಬಯಸದ ವಾರಸುದಾರರು ಎಂಬುದೇ ಈ ವ್ಯಾಪಾರದ ವಿಪರ್ಯಾಸ.

ಹಳೆಯದೇಕೆ ದುಬಾರಿ?

ಸಾಮಾನ್ಯವಾಗಿ ಯಾವುದೇ ವಸ್ತು ಬಳಸಿದಷ್ಟೂ ಅಗ್ಗವಾಗುತ್ತದೆ. ಭಾರತದಲ್ಲಿ ವಿದೇಶಿ ರಿವಾಲ್ವರಿಗೆ ಈ ನಿಯಮ ಅನ್ವಯಿಸುವುದಿಲ್ಲ. 1980ರ ದಶಕದಲ್ಲಿ ಖಾಸಗಿ ಬಳಕೆಯ ಶಸ್ತ್ರಗಳ ಆಮದಿಗೆ ಕೇಂದ್ರ ಸರ್ಕಾರ ಬಾಗಿಲು ಮುಚ್ಚಿತು. ಅದಕ್ಕೂ ಮೊದಲು ಬಂದ ವೆಬ್ಲಿ ಅಂಡ್ ಸ್ಕಾಟ್, ಸ್ಮಿತ್ ಅಂಡ್ ವೆಸ್ಸನ್, ಕೋಲ್ಟ್ ರಿವಾಲ್ವರುಗಳೇ ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಹೊಸ ಸರಕು ಬರುವುದಿಲ್ಲ, ಬೇಡಿಕೆ ತಗ್ಗುವುದಿಲ್ಲ. ಹೀಗಾಗಿ ಅಮೆರಿಕದಲ್ಲಿ ಕೆಲವು ನೂರು ಡಾಲರಿಗೆ ಸಿಗುವಂತಹ ಹಳೆಯ ರಿವಾಲ್ವರು ಇಲ್ಲಿ ಲಕ್ಷಗಳ ಮಾತಾಗುತ್ತದೆ.

ಸ್ವದೇಶಿ ಸರಕಿನ ಕಥೆ ಬೇರೆ. ಕಾನ್ಪುರದ ಸರ್ಕಾರಿ ಕಾರ್ಖಾನೆಗಳು .32 ಬೋರ್ ರಿವಾಲ್ವರುಗಳನ್ನು ದಶಕಗಳಿಂದ ತಯಾರಿಸುತ್ತಿವೆ. ಅದರ ಮೂಲ ವಿನ್ಯಾಸ ಬ್ರಿಟಿಷರ ವೆಬ್ಲಿಯದೇ. ಮಹಿಳೆಯರಿಗೆಂದು 2014ರ ಜನವರಿಯಲ್ಲಿ ಬಿಡುಗಡೆಯಾದ, ಅರ್ಧ ಕಿಲೋ ತೂಕದ 'ನಿರ್ಭೀಕ್' ರಿವಾಲ್ವರಿನ ಬೆಲೆ ಆಗಲೇ ಸುಮಾರು 1.22 ಲಕ್ಷ ರೂಪಾಯಿ ಇತ್ತು. 2021ರಲ್ಲಿ ಆರ್ಡಿನೆನ್ಸ್ ಫ್ಯಾಕ್ಟರಿ ಮಂಡಳಿ ವಿಸರ್ಜನೆಯಾಗಿ ಕಾನ್ಪುರದಲ್ಲಿ ಹೊಸ ಸರ್ಕಾರಿ ಕಂಪನಿ ತಲೆಯೆತ್ತಿತು. ಅದು 2023ರಲ್ಲಿ 'ಪ್ರಬಲ್' ಎಂಬ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಹೊಸದು ಕಾರ್ಖಾನೆಯಿಂದ ನಿಗದಿತ ದರಕ್ಕೆ ಸಿಗುವಾಗ ಹಳೆಯ ಸ್ವದೇಶಿ ರಿವಾಲ್ವರಿಗೆ ಹೆಚ್ಚು ಕೊಡುವವರಿಲ್ಲ. ಆದ್ದರಿಂದ ನಿಜವಾದ ಚೌಕಾಸಿ ನಡೆಯುವುದು ಇಲ್ಲಿಯೇ.

ತಿಳಿದ ಖರೀದಿದಾರ ಮೊದಲು ಹೊಳಪನ್ನು ನೋಡುವುದಿಲ್ಲ. ಗುಂಡು ಕೂರುವ ಉರುಳೆ ಅಲುಗಾಡುತ್ತದೆಯೇ, ಪ್ರತಿ ಕೋಣೆಯೂ ನಳಿಗೆಗೆ ನೇರವಾಗಿ ನಿಲ್ಲುತ್ತದೆಯೇ, ನಳಿಗೆಯ ಒಳಗಿನ ಗೆರೆಗಳಿಗೆ ತುಕ್ಕು ಹತ್ತಿದೆಯೇ ಎಂದು ಪರೀಕ್ಷಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು ತಯಾರಕರ ಹೆಸರು ಮತ್ತು ಕ್ರಮಸಂಖ್ಯೆ. ಅವೆರಡೂ ಇಲ್ಲದ ಬಂದೂಕನ್ನು ಮಾರುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ನಿಷೇಧಿಸುತ್ತದೆ. ಉಜ್ಜಿ ಉಜ್ಜಿ ಹೊಸದರಂತೆ ಹೊಳೆಯಿಸಿದ, ಆದರೆ ಸಂಖ್ಯೆ ಮಾಸಿದ ರಿವಾಲ್ವರು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದು ಲಾಭದ ವ್ಯಾಪಾರವಲ್ಲ, ಮನೆಗೆ ಕರೆತಂದ ಮೊಕದ್ದಮೆ.

ನಲವತ್ತೈದು ದಿನಗಳ ನಿಯಮ

ಖಾಸಗಿ ವ್ಯಕ್ತಿಯೊಬ್ಬ ತನ್ನ ಪರವಾನಗಿಯಲ್ಲಿರುವ ರಿವಾಲ್ವರನ್ನು ಮತ್ತೊಬ್ಬ ಪರವಾನಗಿದಾರನಿಗೆ ಮಾರಬಹುದು. ಅದಕ್ಕೆ ವ್ಯಾಪಾರಿಯ ಪರವಾನಗಿ ಬೇಕಿಲ್ಲ. ಆದರೆ ಮಾರುವ ಉದ್ದೇಶವನ್ನೂ ಕೊಳ್ಳುವವನ ಹೆಸರು, ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಅಲ್ಲಿಯವರೆಗೆ ಆಯುಧ ಕೈಬದಲಾಗುವಂತಿಲ್ಲ. ಕೊಳ್ಳುವವನ ಕೈಯಲ್ಲಿ ಆ ಬಗೆಯ ಆಯುಧಕ್ಕೆ ಸಲ್ಲುವ ಪರವಾನಗಿ ಇರಬೇಕು. 2016ರ ನಿಯಮಗಳ ಪ್ರಕಾರ ಅದನ್ನು ಪಡೆಯಲು ಸುರಕ್ಷತಾ ತರಬೇತಿಯೂ ಕಡ್ಡಾಯ.

ಈ ಒಂದೂವರೆ ತಿಂಗಳು ಕೇವಲ ಕಚೇರಿಯ ವಿಳಂಬವಲ್ಲ. ಕೊಳ್ಳುವವನ ಮೇಲೆ ಮೊಕದ್ದಮೆ ಇದೆಯೇ, ಪರವಾನಗಿ ಜೀವಂತವಿದೆಯೇ ಎಂದು ಪರಿಶೀಲಿಸಲು ಪೊಲೀಸರಿಗೆ ಸಿಗುವ ಅವಕಾಶ ಅದೊಂದೇ. ಅಮೆರಿಕದ ಹಲವು ರಾಜ್ಯಗಳಲ್ಲಿ ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಇಂತಹ ಯಾವ ತಪಾಸಣೆಯೂ ಇಲ್ಲ. ಅಲ್ಲಿ ಆ ಕುರಿತ ವಾಗ್ವಾದ ಇಂದಿಗೂ ಮುಗಿದಿಲ್ಲ. ಆ ದೃಷ್ಟಿಯಿಂದ ನಮ್ಮ ಕಾನೂನು ವಿವೇಕದ ಕಾನೂನೇ. ತೊಡಕಿರುವುದು ಅದರ ಅಗತ್ಯದಲ್ಲಲ್ಲ, ಅದರ ಗಡಿಯಾರ ಯಾರ ವಿರುದ್ಧ ಓಡುತ್ತದೆ ಎಂಬುದರಲ್ಲಿ.

ಬೀರುವಿನಲ್ಲಿ ಉಳಿದ ಆಯುಧ

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಬಂದೂಕು ಹೊಸತೇನಲ್ಲ. ಹಂದಿ, ಕರಡಿಗಳ ಕಾಟದಿಂದ ಬೆಳೆ ಉಳಿಸಿಕೊಳ್ಳಲು ರೈತರು ನಳಿಗೆ ಬಂದೂಕು ಇಟ್ಟುಕೊಂಡರು. ರಿವಾಲ್ವರು ಹೊಲಕ್ಕೆ ಬಂದ ಆಯುಧವಲ್ಲ, ಅಂತಸ್ತಿಗಾಗಿ ಬಂದದ್ದು. ಮೊದಲು ದೊಡ್ಡ ಮನೆತನಗಳಿಗೆ, ಅನಂತರ ಬಳ್ಳಾರಿಯ ಗಣಿ ಹಣ ಉಕ್ಕಿ ಹರಿದ ವರ್ಷಗಳಲ್ಲಿ ಗುತ್ತಿಗೆದಾರರಿಗೆ, ರಾಜಕಾರಣದ ಸುತ್ತ ಸುಳಿಯುವವರಿಗೆ ಅದು ಪ್ರತಿಷ್ಠೆಯ ಗುರುತಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಹಣದ ಹರಿವು ನಿಂತಿತು. ಕೊಂಡ ಆಯುಧಗಳಿಗೆ ಮಾತ್ರ ಅಂತಹ ತಡೆ ಯಾವುದೂ ಇರಲಿಲ್ಲ.

ಈಗ ಪ್ರಶ್ನೆ ಇರುವುದು ಪರವಾನಗಿದಾರ ತೀರಿಕೊಂಡ ಮನೆಗಳದ್ದು. ಯಜಮಾನ ಸತ್ತ ದಿನವೇ ಬೀರುವಿನಲ್ಲಿರುವ ರಿವಾಲ್ವರು ಮನೆಯವರ ಪಾಲಿಗೆ ಸಂಕಟದ ವಸ್ತುವಾಗುತ್ತದೆ. ಪರವಾನಗಿ ಅವನ ಹೆಸರಿನದ್ದು. ಹೆಂಡತಿಗಾಗಲಿ ಮಕ್ಕಳಿಗಾಗಲಿ ಅದು ತಾನಾಗಿ ಇಳಿಯುವುದಿಲ್ಲ. ಕಾಯ್ದೆಯ 21ನೇ ಕಲಂ ಪ್ರಕಾರ ಅನಗತ್ಯ ವಿಳಂಬವಿಲ್ಲದೆ ಅದನ್ನು ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ವಾರಸುದಾರ ತನ್ನ ಹೆಸರಿಗೆ ಪರವಾನಗಿ ಕೇಳಬಹುದು, ಇಲ್ಲವೇ ಅದನ್ನು ಮಾರಿಸಿ ಹಣ ಪಡೆಯಬಹುದು. ನಿಗದಿತ ಅವಧಿ ಮೀರಿದರೆ ಜಿಲ್ಲಾ ದಂಡಾಧಿಕಾರಿಯ ಆದೇಶದಿಂದ ಆಯುಧ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಗಂಟನ್ನು ಇನ್ನಷ್ಟು ಬಿಗಿ ಮಾಡಿತು. ಒಬ್ಬನ ಬಳಿ ಮೂರು ಬಂದೂಕು ಇರಬಹುದಾಗಿದ್ದ ಮಿತಿ ಎರಡಕ್ಕಿಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠೇವಣಿ ಇಡಬೇಕೆಂದು ಆದೇಶವಾಯಿತು. ವಂಶಪಾರಂಪರ್ಯವಾಗಿ ಬಂದ ಆಯುಧಕ್ಕೂ ಎರಡರ ಮಿತಿಯೇ. ಈಗಾಗಲೇ ಎರಡು ಬಂದೂಕು ಇರುವ ಮಗ ಅಪ್ಪನ ರಿವಾಲ್ವರನ್ನು ಇಟ್ಟುಕೊಳ್ಳುವಂತಿಲ್ಲ. ಮಾರಬೇಕಾದವರ ಸಂಖ್ಯೆ ಹೆಚ್ಚಿತು, ಒಬ್ಬೊಬ್ಬರು ಕೊಳ್ಳಬಹುದಾದ ಸಂಖ್ಯೆ ಇಳಿಯಿತು.

ಇಂತಹ ಮನೆಗೆ ಬರುವ ಗಿರಾಕಿಗೆ ತುಕ್ಕಿನ ಕಲೆ ತೋರಿಸಿ ವಾದಿಸುವ ಅಗತ್ಯವೇ ಬೀಳುವುದಿಲ್ಲ. ಅವನು ಸುಮ್ಮನೆ ಕಾದರೆ ಸಾಕು. ಠೇವಣಿಯ ಅವಧಿ ಸವೆದಂತೆ ಮಾರುವವರ ಧ್ವನಿ ತಗ್ಗುತ್ತದೆ. ಅವನಿಗೆ ಸಿಗುವ 'ಒಳ್ಳೆಯ ದರ' ಎಂದರೆ ಬೇರೇನೂ ಅಲ್ಲ, ಮತ್ತೊಂದು ಮನೆಯ ಅವಸರದ ಬೆಲೆ.

ಮೂರು ಜಿಲ್ಲೆ ಕಂಡ ಕಡತ

ಈ ಭಾಗಕ್ಕೆ ಸೇರಿದ ಮತ್ತೊಂದು ತೊಡಕೂ ಉಂಟು. ಶಸ್ತ್ರ ಪರವಾನಗಿಯ ಅಧಿಕಾರ ಜಿಲ್ಲಾ ದಂಡಾಧಿಕಾರಿಯದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಮೈಲಾರವಿರುವ ಹಡಗಲಿ ತಾಲ್ಲೂಕು ಸಹ 2021ರಲ್ಲಿ ಬಳ್ಳಾರಿಯಿಂದ ವಿಜಯನಗರಕ್ಕೆ ಬಂತು. ಒಂದೇ ಮನೆಯಲ್ಲಿ ಕುಳಿತಿದ್ದ ಪರವಾನಗಿದಾರನ ಮೇಲಿನ ಅಧಿಕಾರ ಕಾಲು ಶತಮಾನದಲ್ಲಿ ಮೂರು ಜಿಲ್ಲಾ ಕೇಂದ್ರಗಳನ್ನು ಸುತ್ತಿ ಬಂದಿದೆ. ಹಳೆಯ ಪರವಾನಗಿ ಪುಸ್ತಕ ಹಿಡಿದ ವಿಧವೆಯೊಬ್ಬರು ಇಂದು ಹೋಗಬೇಕಾದದ್ದು ಹೊಸಪೇಟೆಗೆ. ಮಾರುವವರ ಚೌಕಾಸಿಯ ಶಕ್ತಿ ಅರ್ಧ ಕರಗುವುದು ಇಂತಹ ಓಡಾಟದಲ್ಲಿಯೇ.

ಆಗ ಕಿವಿಗೆ ಬೀಳುವುದು ಟವೆಲ್ಲಿನ ಮರೆಯ ಸಲಹೆ. 'ಕಾಗದದ ಗೊಡವೆ ಬೇಡ, ಗೊತ್ತಿದ್ದವರಿಗೇ ಕೊಟ್ಟುಬಿಡಿ' ಎಂಬ ಮಾತು. ಇದಕ್ಕಿಂತ ಅಪಾಯಕಾರಿ ಸಲಹೆ ಮತ್ತೊಂದಿಲ್ಲ. ಕಾಯ್ದೆಯ 5ನೇ ಕಲಂ ಉಲ್ಲಂಘಿಸಿ ಆಯುಧ ಮಾರಿದರೆ 2019ರ ತಿದ್ದುಪಡಿಯ ಅನಂತರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯುಂಟು. ಪರವಾನಗಿಯಿಲ್ಲದೆ ಇಟ್ಟುಕೊಂಡವನಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ಐವತ್ತು ಸಾವಿರ ಹೆಚ್ಚಿಗೆ ಬಂದಿತೆಂದು ಹಿಗ್ಗಿದವರು ಅದಕ್ಕಿಂತ ಹೆಚ್ಚಿನದನ್ನು ವಕೀಲರಿಗೆ ಸುರಿಯಬೇಕಾದೀತು.

ದಂಡಕ್ಕಿಂತ ದೊಡ್ಡ ಪ್ರಶ್ನೆ ಆ ಆಯುಧ ಮುಂದೆ ಎಲ್ಲಿಗೆ ಹೋಯಿತು ಎಂಬುದು. ಭೀಮಾ ತೀರದ ವೈಷಮ್ಯಗಳಿಗೆ ಹೊರರಾಜ್ಯದ ನಾಡಪಿಸ್ತೂಲುಗಳು ಹರಿದುಬಂದ ಕಥೆ ರಾಜ್ಯಕ್ಕೆ ಗೊತ್ತಿರುವುದೇ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರ ಹತ್ಯೆಗೂ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆಗೂ ಒಂದೇ 7.65 ಎಂ.ಎಂ. ನಾಡಪಿಸ್ತೂಲು ಬಳಕೆಯಾಗಿತ್ತೆಂದು ವಿಧಿವಿಜ್ಞಾನ ವರದಿ ಹೇಳಿತು. ಲೆಕ್ಕಕ್ಕೆ ಸಿಗದ ಒಂದು ಆಯುಧ ಎರಡು ವರ್ಷದ ಅಂತರದಲ್ಲಿ ಎರಡು ಮನೆಗಳ ಬಾಗಿಲಿಗೆ ಬಂದು ನಿಂತದ್ದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ಲೆಕ್ಕದಲ್ಲಿದ್ದ ಹಳೆಯ ರಿವಾಲ್ವರೊಂದು ಕಾಗದ ಕಳಚಿಕೊಂಡ ಕ್ಷಣ ಅದೇ ಸಾಲಿಗೆ ಸೇರುತ್ತದೆ.

ಸರ್ಕಾರ ಮಾಡಬಹುದಾದದ್ದು

ಇದರ ಅರ್ಥ ಕಾನೂನು ಸಡಿಲಿಸಬೇಕೆಂದಲ್ಲ. ವಾರಸುದಾರರ ಅವಸರವನ್ನು ಕಡಿಮೆ ಮಾಡಬೇಕು ಎಂದಷ್ಟೇ. ಇಂದು ಪ್ರತಿ ಶಸ್ತ್ರ ಪರವಾನಗಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಸಂಖ್ಯೆ ಇರಬೇಕು. ಮರಣ ನೋಂದಣಿ ಗ್ರಾಮ ಮಟ್ಟದಲ್ಲಿಯೇ ನಡೆಯುತ್ತದೆ. ಇವೆರಡನ್ನೂ ಹೊಂದಿಸಿದರೆ ಪರವಾನಗಿದಾರ ತೀರಿಕೊಂಡ ಮನೆಗೆ ಏನು ಮಾಡಬೇಕು, ಎಷ್ಟು ದಿನದೊಳಗೆ ಮಾಡಬೇಕು ಎಂಬ ತಿಳಿವಳಿಕೆ ಪತ್ರ ತಲುಪಿಸುವುದು ಕಷ್ಟದ ಕೆಲಸವಲ್ಲ. ಠೇವಣಿಯಾದ ಆಯುಧಗಳಿಗೆ ಜಿಲ್ಲಾ ಮಟ್ಟದಲ್ಲಿ ಮೌಲ್ಯ ಕಟ್ಟಿಸಿ, ಅರ್ಹ ಪರವಾನಗಿದಾರರಿಗೆ ಬಹಿರಂಗವಾಗಿ ತೋರಿಸುವ ವ್ಯವಸ್ಥೆ ಬಂದರೆ ಕಾದು ಕುಳಿತವನ ಲಾಭ ತಾನಾಗಿ ಕರಗುತ್ತದೆ.

ಬೇರೆ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಗುಂಡಿಗೆ ಬಲಿಯಾದ ಮೇಲೆ ಆಸ್ಟ್ರೇಲಿಯಾ ಸರ್ಕಾರ ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಮರಳಿ ಪಡೆಯಿತು. ಕ್ರೈಸ್ಟ್‌ಚರ್ಚ್ ಮಸೀದಿಗಳ ಹತ್ಯಾಕಾಂಡದ ಅನಂತರ 2019ರಲ್ಲಿ ನ್ಯೂಜಿಲೆಂಡ್ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿ ದರ ಸರ್ಕಾರದ್ದೇ, ಚೌಕಾಸಿಗೆ ಎಡೆಯಿರಲಿಲ್ಲ. ನಮ್ಮಲ್ಲಿ ಮೂರನೆಯ ಬಂದೂಕು ಒಪ್ಪಿಸಿ ಎಂದ ಸರ್ಕಾರ ಅದನ್ನು ತಾನೇ ದರ ಕೊಟ್ಟು ಕೊಳ್ಳುವ ಹೊಣೆ ಹೊರಲಿಲ್ಲ.

ಅಲ್ಲಿಯವರೆಗೆ ಮಾರುವವರಿಗೂ ಕೊಳ್ಳುವವರಿಗೂ ಹೇಳಬಹುದಾದದ್ದು ಇಷ್ಟೇ: ರಿವಾಲ್ವರಿನ ಬೆಲೆಯಲ್ಲಿ ಎಷ್ಟು ಬೇಕಾದರೂ ಎಳೆದಾಡಬಹುದು, ಕ್ರಮಸಂಖ್ಯೆ, ಪರವಾನಗಿ ಮತ್ತು ನಲವತ್ತೈದು ದಿನಗಳಲ್ಲಿ ಎಳೆದಾಡುವಂತಿಲ್ಲ. ಯಜಮಾನನನ್ನು ಕಳೆದುಕೊಂಡ ಮನೆಯವರು ದರದ ಮಾತಿಗೆ ಮೊದಲು ಠಾಣೆಯ ಠೇವಣಿ ರಸೀದಿ ಪಡೆಯುವುದು ಲೇಸು. ಆ ರಸೀದಿ ಕೈಯಲ್ಲಿದ್ದರೆ ಅವರಿಗೂ ಒಂದಿಷ್ಟು ಕಾಯುವ ಶಕ್ತಿ ಬರುತ್ತದೆ.