ಮನೆವಾರ್ತೆ: ಕಿರಕೋಳ ಖರ್ಚು

ನಮ್ಮ ಮನೆಯಲ್ಲಿ ಒಂದು ಜಮಾಖರ್ಚಿನ ಪುಸ್ತಕವಿದೆ. ಉದ್ದನೆಯದು, ಕೆಂಪು ರಟ್ಟಿನದು, ದಾರದಿಂದ ಹೊಲಿದದ್ದು. ಧಾರವಾಡದಲ್ಲಿ ನಮ್ಮ ತಂದೆಯವರು ಬಲಿಪಾಡ್ಯಮಿಯ ದಿನ ಇಂಥದೊಂದಕ್ಕೆ ಅರಿಸಿನ ಕುಂಕುಮ ಹಚ್ಚಿ ಹೊಸ ಲೆಕ್ಕ ತೆಗೆಯುತ್ತಿದ್ದರು. ವಿಮಾನ ನಗರದ ಮೂರನೆಯ ಅಂತಸ್ತಿನಲ್ಲಿ, ತಲೆಯ ಮೇಲೆ ವಿಮಾನಗಳು ಗುಡುಗುತ್ತ ಹೋಗುವ ಈ ಬಾಡಾವಣೆಯಲ್ಲಿ, ನಾವೂ ಅದನ್ನೇ ನಡೆಸಿಕೊಂಡು ಬಂದಿದ್ದೇವೆ. ಎಲ್ಲವನ್ನೂ ಫೋನಿನಲ್ಲೇ ಬರೆದಿಡಬಹುದಲ್ಲ ಎಂದು ಮಕ್ಕಳು ನಗುತ್ತಾರೆ. ಬರೆದಿಡಬಹುದು, ನಿಜ. ಆದರೆ ಫೋನಿನೊಳಗಿನ ಲೆಕ್ಕ ಒಬ್ಬರ ಲೆಕ್ಕ. ಕಪಾಟಿನ ಮೇಲಿನ ಪುಸ್ತಕ ಮನೆಯವರೆಲ್ಲರ ಲೆಕ್ಕ. ಯಾರು ಬೇಕಾದರೂ ತೆರೆದು ನೋಡಬಹುದು, ನೋಡಿ ಕೇಳಬಹುದು. ಹಾಗೆ ಕೇಳಿಸಿಕೊಂಡ ಸಂಗತಿಯೊಂದನ್ನು ಈ ಸಲ ವಾಚಕರ ಮುಂದೆ ಇಡುತ್ತೇವೆ.

ಮೊನ್ನೆ ಮನೆಸಾಲದ ಕಾಗದವೊಂದನ್ನು ಹುಡುಕುವಾಗ 2022ರ ಪುಸ್ತಕ ಕೈಗೆ ಬಂತು. ಅಕ್ಟೋಬರ್ ತಿಂಗಳ ಪುಟದಲ್ಲಿ ಒಂದು ಸಾಲನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಅದನ್ನೇ ಇನ್ನೊಂದು ಕಡೆ ಬರೆದಿದೆ. ಹೊಡೆದುಹಾಕಿದ ಅಕ್ಷರ ನಮ್ಮದು. ಹೊಸದಾಗಿ ಬರೆದ ಅಕ್ಷರ ನಮ್ಮ ಮನೆಯಾಕೆಯದು.

ಆ ವರ್ಷ ನಮ್ಮ ಮಗಳಿಗೆ ಹದಿನಾಲ್ಕು ವಯಸ್ಸು. ಹೆಂಗಸರ ಕಾಲ್ಚೆಂಡಾಟದ ಹುಚ್ಚು ಅವಳಿಗೆ ಎಲ್ಲಿಂದ ಹತ್ತಿತೋ ದೇವರೇ ಬಲ್ಲ. ನಮ್ಮ ಮನೆತನದಲ್ಲಿ ಚೆಂಡನ್ನು ಕಾಲಿನಿಂದ ಒದ್ದವರಿಲ್ಲ. ಆದರೆ ಮಣಿಪುರದ ಬಾಲಾ ದೇವಿ 2020ರಲ್ಲಿ ಸ್ಕಾಟ್‌ಲೆಂಡಿನ ರೇಂಜರ್ಸ್ ತಂಡ ಸೇರಿದ್ದು, ಪಂಜಾಬಿನ ಮನೀಷಾ ಕಲ್ಯಾಣ್ 2021ರ ನವೆಂಬರಿನಲ್ಲಿ ಬ್ರೆಜಿಲಿನ ಮೇಲೆ ಗೋಲು ಹೊಡೆದದ್ದು, ಇವೆಲ್ಲ ಅವಳಿಗೆ ಬಾಯಿಪಾಠ. ಆ ಪಂದ್ಯದಲ್ಲಿ ನಾವು ಆರು ಗೋಲು ತಿಂದೆವಲ್ಲ ಎಂದರೆ, "ನಾವು ಹೊಡೆದ ಒಂದನ್ನ ಹೇಳು ಅಪ್ಪಾ" ಎನ್ನುತ್ತಿದ್ದಳು.

2022ರ ಆರಂಭದಲ್ಲಿ ಏಷ್ಯಾ ಕಪ್ಪು ನಮ್ಮ ಪುಣೆಗೇ ಬಂತು. ಬಾಲೇವಾಡಿಯ ಶಿವಛತ್ರಪತಿ ಕ್ರೀಡಾಂಗಣದಲ್ಲಿ ಜಪಾನ್, ಕೊರಿಯಾ, ವಿಯೆಟ್ನಾಂ ಆಡಿದವು. ಫೆಬ್ರುವರಿ 3ರಂದು ಚೀನಾ ತಂಡ ಜಪಾನನ್ನು ಪೆನಾಲ್ಟಿಯಲ್ಲಿ ಸೋಲಿಸಿದ ಉಪಾಂತ್ಯ ಪಂದ್ಯ ನಡೆದದ್ದೂ ಅಲ್ಲಿಯೇ. ಆದರೆ ಕೊರೋನಾದ ಕಾರಣ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ನಮ್ಮ ತಂಡದೊಳಗೂ ಸೋಂಕು ಹಬ್ಬಿ, ನಿಯಮದಂತೆ ಬೇಕಾದ ಹದಿಮೂರು ಮಂದಿಯನ್ನು ಕೂಡಿಸಲಾರದೆ ಭಾರತ ಪಂದ್ಯಾವಳಿಯಿಂದಲೇ ಹೊರಬಿತ್ತು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾವು ಮೇಲೆ ಸಮಾಧಾನ ಹೇಳಿದೆವು. ಒಳಗೆ, ಟಿಕೆಟ್ಟು, ರಿಕ್ಷಾ, ತಿಂಡಿ ಎಂದು ಹೋಗಬೇಕಾದ ಹಣ ಉಳಿಯಿತು ಎಂದುಕೊಂಡೆವು. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಅಂದುಕೊಂಡದ್ದು ನಿಜ.

ಅದೇ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪು ಭಾರತದಲ್ಲಿ ನಡೆಯುವುದೆಂದು ಗೊತ್ತಾಗಿತ್ತು. ಆಗಸ್ಟಿನಲ್ಲಿ ಫೀಫಾ ನಮ್ಮ ದೇಶದ ಫುಟ್‌ಬಾಲ್ ಸಂಸ್ಥೆಯನ್ನೇ ಅಮಾನತು ಮಾಡಿ, 26ನೆಯ ತಾರೀಖಿಗೆ ಅಮಾನತು ತೆಗೆಯುವವರೆಗೆ ನಮ್ಮ ಮನೆಯಲ್ಲಿ ಸೂತಕದ ಕಳೆ. ಆಮೇಲೆ ಮತ್ತೆ ಉತ್ಸಾಹ. ಅಂತಿಮ ಪಂದ್ಯ ನವಿ ಮುಂಬಯಿಯ ನೆರೂಳಿನಲ್ಲಿ, ಅಕ್ಟೋಬರ್ 30, ಭಾನುವಾರ. "ಅಪ್ಪಾ, ಹೋಗೋಣೇನು?" ಎಂದು ಒಂದೇ ಸಲ ಕೇಳಿದಳು.

ವಾಚಕರೇ, ಆ ತಿಂಗಳು ನಮ್ಮ ಸ್ಥಿತಿ ಹೇಗಿತ್ತೆಂದು ಕೊಂಚ ಕೇಳಿ. ಮನೆಸಾಲ ಆಗ ಇಪ್ಪತ್ತು ಲಕ್ಷ ಬಾಕಿ. ರಿಸರ್ವ್ ಬ್ಯಾಂಕಿನ ರೆಪೊ ದರ ಮೇ ಆರಂಭದಲ್ಲಿ ಶೇಕಡಾ 4 ಇದ್ದದ್ದು ಸೆಪ್ಟೆಂಬರ್ 30ಕ್ಕೆ 5.90 ಆಗಿತ್ತು. ಸಾಲದ ಬಡ್ಡಿ ಆ ದರಕ್ಕೇ ಗಂಟುಹಾಕಿಕೊಂಡದ್ದು. ಶೇಕಡಾ 1.90 ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಇಪ್ಪತ್ತು ಲಕ್ಷಕ್ಕೆ ಹಿಡಿದರೆ ವರ್ಷಕ್ಕೆ 38,000 ರೂಪಾಯಿ, ತಿಂಗಳಿಗೆ ಮೂರು ಸಾವಿರಕ್ಕೆ ಮೇಲೆ. ಬ್ಯಾಂಕಿನವರು ಕಂತು ಹೆಚ್ಚಿಸಲಿಲ್ಲ. ಬದಲಾಗಿ ಕಂತುಗಳ ಸಂಖ್ಯೆಯನ್ನು ಬೆಳೆಸಿದರು. ಕಂತು ಅಷ್ಟೇ ಇದೆಯೆಂದು ಹಿಗ್ಗಿದರೆ ಮೋಸಹೋದಂತೆಯೇ. ನಿವೃತ್ತಿಯಾದ ಮೇಲೂ ಸಾಲ ಉಳಿಯುತ್ತದೆ ಎಂಬುದು ನಮಗೆ ಕಾಗದ ಓದಿದ ಮೇಲೆ ತಿಳಿಯಿತು. ಅದರ ಮೇಲೆ ಸೊಸೈಟಿಯ ನೀರಿನ ಟ್ಯಾಂಕರಿನ ವಂತಿಗೆ, ನಮ್ಮ ತಾಯಿಯವರ ಔಷಧ, 24ರಂದು ಲಕ್ಷ್ಮೀಪೂಜೆ, 26ಕ್ಕೆ ಪಾಡ್ಯ.

ನಾವು ಮಗಳ ಮುಂದೆ ಪುಸ್ತಕ ತೆರೆದಿಟ್ಟು, ಪಾಠ ಹೇಳುವ ಮಾಸ್ತರರಂತೆ ಒಂದೊಂದೇ ಬಾಬನ್ನು ಓದಿ ಹೇಳಿದೆವು. ಕಡೆಗೆ, "ಇದರಾಗ ಕಾಲ್ಚೆಂಡಿಗೆ ಜಾಗಾ ಎಲ್ಲದ ತೋರಿಸು" ಎಂದೆವು. ಅವಳು ಮಾತಾಡಲಿಲ್ಲ. ಮರುದಿನ ಪುಸ್ತಕದೊಳಗೆ ಒಂದು ಚೀಟಿ ಸಿಕ್ಕಿತು. "ಈ ಹಬ್ಬಕ್ಕ ನನಗ ಹೊಸ ಅರಿವಿ ಬ್ಯಾಡ. ಆ ರೊಕ್ಕದಾಗ ಆಗ್ತದೇನು ನೋಡು."

ಚೀಟಿಯನ್ನು ಮನೆಯಾಕೆಯೂ ಓದಿದರು. ಆಮೇಲೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಪುಟಗಳನ್ನು ತಿರುವತೊಡಗಿದರು. ಅರ್ಧ ತಾಸು ಕಳೆದಿರಬೇಕು.

"ಮಗನ ಬ್ಯಾಟು, ಪ್ಯಾಡು, ಕೋಚಿಂಗ ಫೀ, ಇವನ್ನೆಲ್ಲಾ ಎಲ್ಲಿ ಬರದೀರಿ?" ಎಂದರು.

"ವಿದ್ಯಾಭ್ಯಾಸದಾಗ."

"ಮಗಳ ಬೂಟು?"

ನಾವು ನೋಡಿದೆವು. ಮಗಳ ಬೂಟು, ಶಿನ್ ಗಾರ್ಡು, ಶಾಲೆಯ ತಂಡದ ವಂತಿಗೆ, ಎಲ್ಲವೂ 'ಕಿರಕೋಳ ಖರ್ಚು' ಎಂಬ ತಲೆಬರಹದ ಕೆಳಗೆ, ಸೊಳ್ಳೆಬತ್ತಿ ಮತ್ತು ಹಳೆಯ ಛತ್ರಿಯ ದುರಸ್ತಿಯ ನಡುವೆ ಇದ್ದವು. ಬೇಕೆಂದು ಹಾಗೆ ಬರೆದದ್ದಲ್ಲ. ಕೈ ತಾನಾಗಿ ಬರೆದದ್ದು. ವಿದ್ಯಾಭ್ಯಾಸದ ಬಾಬಿಗೆ ಹಣ ಮೊದಲು ಎತ್ತಿಡುತ್ತೇವೆ. ಕಿರಕೋಳಕ್ಕೆ ಉಳಿದರೆ ಕೊಡುತ್ತೇವೆ. ತಿಂಗಳು ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಕಿರಕೋಳಕ್ಕೆ. ಮಗನ ಬ್ಯಾಟಿಗೆ ಜಾಗ ಎಲ್ಲಿದೆ ತೋರಿಸು ಎಂದು ನಾವು ಯಾವತ್ತೂ ಕೇಳಿರಲಿಲ್ಲ. ಮಗಳ ಮೇಲೆ ಕಡಿಮೆ ಪ್ರೀತಿಯೆಂದು ಯಾರಾದರೂ ಅಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆವು. ಪುಸ್ತಕದೊಡನೆ ಜಗಳ ಸಾಧ್ಯವಿಲ್ಲ.

ಈ ತಪ್ಪು ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ ಡಿಕ್, ಕೆರ್ ಎಂಬ ಕಾರಖಾನೆಯ ಹೆಣ್ಣುಮಕ್ಕಳು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರ ಆಟ ನೋಡಲು ಸುಮಾರು 53,000 ಜನ ನೆರೆದಿದ್ದರು. ಇಂಥ ಪಂದ್ಯಗಳಿಂದ ಕೂಡಿದ ಹಣ ಗಾಯಗೊಂಡ ಸೈನಿಕರಂಥವರ ಸಹಾಯಕ್ಕೆ ಹೋಗುತ್ತಿತ್ತು. ಆಟಗಾರ್ತಿಯರಿಗೆ ಖರ್ಚಿಗೆಂದು ಪಂದ್ಯಕ್ಕೆ ಹತ್ತು ಶಿಲಿಂಗು. ಮರುವರ್ಷ, 1921ರ ಡಿಸೆಂಬರ್ 5ರಂದು, ಅಲ್ಲಿಯ ಫುಟ್‌ಬಾಲ್ ಸಂಸ್ಥೆಯ ಮಹಾಶಯರು ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ತೀರ್ಮಾನಿಸಿ, ತಮ್ಮ ಸದಸ್ಯ ತಂಡಗಳ ಮೈದಾನಗಳನ್ನು ಅವರಿಗೆ ಮುಚ್ಚಿದರು. ಕೂಡಿದ ಹಣದಲ್ಲಿ ಖರ್ಚಿಗೇ ಬಹಳ ಹೋಗುತ್ತದೆ ಎಂಬುದೂ ಅವರ ದೂರು! ಆ ಬಾಗಿಲು ತೆರೆಯಲು ಸುಮಾರು 50 ವರ್ಷ ಹಿಡಿಯಿತು. ಇಂದಿನ ಲೆಕ್ಕವನ್ನೂ ನೋಡಿ. 2022ರ ಗಂಡಸರ ವಿಶ್ವಕಪ್ಪಿನ ಬಹುಮಾನದ ಮೊತ್ತ 44 ಕೋಟಿ ಡಾಲರು, 2023ರ ಹೆಂಗಸರ ವಿಶ್ವಕಪ್ಪಿನದು 11 ಕೋಟಿ. ಸರಿಯಾಗಿ ನಾಲ್ಕಾಣೆ ಪಾಲು. ಅದೂ ಹಿಂದಿನದಕ್ಕಿಂತ ಬಹಳ ಹೆಚ್ಚೆಂದು ಹೊಗಳಿಸಿಕೊಂಡ ಮೊತ್ತ.

ನಮ್ಮ ದೇಶದ ತಂಡದ ಹುಡುಗಿಯರ ಮನೆಗಳ ಲೆಕ್ಕಕ್ಕೆ ಹೋಲಿಸಿದರೆ ನಮ್ಮದು ಚಿಂತೆಯೇ ಅಲ್ಲ. ಆ ವಿಶ್ವಕಪ್ಪಿನ ಭಾರತ ತಂಡದ ನಾಯಕಿ ಅಷ್ಟಂ ಓರಾಂವ್, ಝಾರಖಂಡದ ಗುಮ್ಲಾ ಜಿಲ್ಲೆಯವಳು. ಅವಳ ಗೌರವಾರ್ಥ ಅವಳ ಊರಿಗೆ ರಸ್ತೆ ಮಾಡಿಸುತ್ತಿದ್ದಾಗ, ಆ ರಸ್ತೆಯ ಕೆಲಸದಲ್ಲಿ ಅವಳ ತಂದೆತಾಯಿಗಳೇ ಕೂಲಿಗಳಾಗಿದ್ದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಭಾರತ ಭುವನೇಶ್ವರದಲ್ಲಿ ಅಮೆರಿಕಕ್ಕೆ 8, ಮೊರಾಕ್ಕೊಗೆ 3, ಬ್ರೆಜಿಲಿಗೆ 5 ಗೋಲುಗಳಿಂದ ಸೋತಿತು. ಒಂದು ಗೋಲನ್ನೂ ಹೊಡೆಯಲಿಲ್ಲ. ಮಗಳು ಮೂರು ಪಂದ್ಯಗಳನ್ನೂ ಕೊನೆಯ ನಿಮಿಷದವರೆಗೆ ನೋಡಿದಳು.

ಕಡೆಗೆ ಏನಾಯಿತೆಂದರೆ, ತಾಯಿ ಮಗಳು ಇಬ್ಬರೇ ನೆರೂಳಿಗೆ ಹೋಗುವುದೆಂದಾಯಿತು. ಮೂರನೆಯವರ ಖರ್ಚು ಬೇಡ. ನಾವು ನಮ್ಮ ತಾಯಿಯವರ ಬಳಿ ಉಳಿಯುವುದು. ಹೋಗಿಬರಲು ಬಸ್ಸು. ರಾತ್ರಿ ಉಳಿಯಲು ಅಲ್ಲಿಯೇ ಇರುವ ಮನೆಯಾಕೆಯ ಸೋದರತ್ತೆಯ ಮನೆ. ಬುತ್ತಿಗೆ ಹಬ್ಬದ ಚಕ್ಕುಲಿ, ಅವಲಕ್ಕಿ ಚೂಡಾ. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಟಿಕೆಟ್ಟೇ ಎಲ್ಲಕ್ಕಿಂತ ಅಗ್ಗವಾದ ಬಾಬಾಗಿತ್ತು. ಹೊಸ ಬಟ್ಟೆಯನ್ನೂ ನಾವು ಬಿಡಿಸಲಿಲ್ಲ. ಒಂದು ಲಂಗದ ಬದಲು ಕುಡತೆ ಬಂತು, ಅಷ್ಟೆ.

ಅಂದು ಎರಡು ಪಂದ್ಯ. ಮೊದಲನೆಯದರಲ್ಲಿ ನೈಜೀರಿಯಾದ ಹುಡುಗಿಯರು ಮೂರು ಗೋಲು ಮುಂದಿದ್ದು, ಜರ್ಮನಿ ಮೂರನ್ನೂ ತೀರಿಸಿ, ಕಡೆಗೆ ಪೆನಾಲ್ಟಿಯಲ್ಲಿ ನೈಜೀರಿಯಾವೇ ಗೆದ್ದು ಮೂರನೆಯ ಸ್ಥಾನ ಪಡೆಯಿತು. ಅಂತಿಮ ಪಂದ್ಯದಲ್ಲಿ ಸ್ಪೇನು ಕೊಲಂಬಿಯಾವನ್ನು 1-0ರಿಂದ ಸೋಲಿಸಿತು. ಅದೂ 82ನೆಯ ನಿಮಿಷದಲ್ಲಿ ಕೊಲಂಬಿಯಾದ ಹುಡುಗಿಯೊಬ್ಬಳ ಕಾಲಿನಿಂದಲೇ ತಮ್ಮ ಗೋಲಿಗೆ ಹೋದ ಚೆಂಡು. ನಾವು ಟಿ.ವಿ.ಯಲ್ಲಿ ನೋಡುತ್ತ, ಪ್ರೇಕ್ಷಕರ ನಡುವೆ ನಮ್ಮವರ ಮುಖ ಹುಡುಕುತ್ತಿದ್ದೆವು. ಮರುದಿನ ಮಧ್ಯಾಹ್ನ ಮನೆಗೆ ಬಂದಾಗ ಮಗಳ ದನಿಗಿಂತ ಮನೆಯಾಕೆಯ ದನಿ ಹೆಚ್ಚು ಒಡೆದಿತ್ತು. "ಆ ಹುಡುಗಿ ಎಷ್ಟು ಅತ್ತಿತ್ರೀ. ಆಕಿ ಅವ್ವ ಎಲ್ಲಿ ಕೂತಿದ್ಲೋ ಏನೋ" ಎಂದರು. ಆಮೇಲೆ ಚೀಲ ಕೆಳಗಿಡುವ ಮೊದಲೇ ಪುಸ್ತಕ ತೆಗೆದು, ನಾವು ಕಿರಕೋಳದಲ್ಲಿ ಬರೆದಿದ್ದ ಆ ಖರ್ಚನ್ನು ಹೊಡೆದುಹಾಕಿ ವಿದ್ಯಾಭ್ಯಾಸದ ಬಾಬಿಗೆ ಬರೆದರು. ಅದೇ ಆ ಕೆಂಪು ಶಾಯಿಯ ಸಾಲು.

ಮನೆಯಾಕೆ ಅಲ್ಲಿಗೇ ಬಿಡಲಿಲ್ಲ. ಬಾಬು ಬದಲಾಯಿತೆಂದು ಕೈ ಸಡಿಲ ಬಿಡುವಂತಿಲ್ಲ ಎಂದು ಮಗಳಿಗೂ ಕಟ್ಟು ಹಾಕಿದರು. ಅಭಿಮಾನದ ಖರ್ಚು ದೊಡ್ಡದಾಗಿ ಬರುವುದಿಲ್ಲ, ಸೋರುತ್ತ ಹೋಗುತ್ತದೆ. ಪ್ರತಿ ವರ್ಷ ಬದಲಾಗುವ ಜರ್ಸಿ, ಕೇಳದೆ ತಾನಾಗಿ ಹಣ ಕಡಿದುಕೊಳ್ಳುವ ಪಂದ್ಯ ತೋರಿಸುವ ಚಂದಾ, ಇವೇ ಕಳ್ಳದಾರಿಗಳು. ಆದ್ದರಿಂದ ಉಪ್ಪಿನಕಾಯಿಯ ಹಳೆಯ ಭರಣಿಯೊಂದು 'ಚೆಂಡಿನ ಭರಣಿ'ಯಾಯಿತು. ತಿಂಗಳ ಮೊದಲ ದಿನ 300 ರೂಪಾಯಿ ಅದಕ್ಕೆ. ಮಗಳಿಗೆ ಬಂದ ಉಡುಗೊರೆಯ ಹಣವೂ ಅದಕ್ಕೆ. ಭರಣಿಯಲ್ಲಿದ್ದಷ್ಟೇ ಖರ್ಚು. ಚಂದಾ ಬೇಕಾದ ತಿಂಗಳು ಕಟ್ಟುವುದು, ಆಟ ಮುಗಿದೊಡನೆ ನಿಲ್ಲಿಸುವುದು. ಜರ್ಸಿ ಎರಡು ವರ್ಷಕ್ಕೊಂದು. ಹೆಣ್ಣುಮಕ್ಕಳೋ ಗಂಡುಮಕ್ಕಳೋ, ಆಟದ ಹುಚ್ಚಿರುವ ಮನೆಗಳಲ್ಲಿ ಇದನ್ನು ಮಾಡಿ ನೋಡಬಹುದು. ಬೇಡವೆನ್ನುವ ಕೆಲಸ ನಮ್ಮಿಂದ ತಪ್ಪಿ ಭರಣಿಗೆ ಹೋಗುತ್ತದೆ. ಮಕ್ಕಳು ಭರಣಿಯ ಮೇಲೆ ಸಿಟ್ಟಾಗುವುದಿಲ್ಲ.

2023ರ ಮೇ ತಿಂಗಳಲ್ಲಿ ನಮ್ಮ ಕರ್ನಾಟಕದ ಕಿಕ್‌ಸ್ಟಾರ್ಟ್ ತಂಡ ಇಂಡಿಯನ್ ವಿಮೆನ್ಸ್ ಲೀಗಿನ ಅಂತಿಮ ಪಂದ್ಯಕ್ಕೆ ಬಂದು ಕೇರಳದ ಗೋಕುಲಂ ಎದುರು 5-0ರಿಂದ ಸೋತ ದಿನ ನಾವೂ ಪಕ್ಕದಲ್ಲಿ ಕೂತಿದ್ದೆವು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್‌ಫೋರ್ ಎರಡು ಗೋಲು ಹೊಡೆದು, ಭಾರತ ಥಾಯ್ಲೆಂಡನ್ನು 2-1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದಾಗ ನಮ್ಮ ತಾಯಿಯವರನ್ನೂ ಎಬ್ಬಿಸಿ ಕುಣಿದದ್ದಾಯಿತು. ಕೆಳಗಿನ ಮನೆಯವರು ಕಾರಣ ಕೇಳಲು ಬಂದು, ಚಹ ಕುಡಿದು ಹೋದರು.

ಮನೆಸಾಲ ಇನ್ನೂ ತೀರಿಲ್ಲ. ಮಗಳು ಕಾಲೇಜು ಸೇರಿದ್ದಾಳೆ. ಮೊನ್ನೆ ಬೂಟಿನ ಅಡಿ ಕಿತ್ತುಹೋಗಿದೆಯೆಂದು ತಂದು ತೋರಿಸಿದಳು. ಭರಣಿಯಲ್ಲಿ ಎಣಿಸಿದರೆ ನಾನೂರು ಕಡಿಮೆ. ಬೂಟು ಆಡುವುದಕ್ಕೆ, ನೋಡುವುದಕ್ಕಲ್ಲ, ಆದ್ದರಿಂದ ಅದು ಭರಣಿಯ ಖರ್ಚೇ ಅಲ್ಲವೆಂದು ಅವಳ ವಾದ. ತಾಯಿಯವರು ಅವಳ ಕಡೆ, ಮನೆಯಾಕೆ ಭರಣಿಯ ಕಡೆ. ತೀರ್ಪು ನಮ್ಮದಂತೆ. ಪುಸ್ತಕ ತೆರೆದು, ಲೇಖನಿ ಹಿಡಿದು ಕೂತಿದ್ದೇವೆ.